ವೃದ್ಧರ ಊಟದ ತಟ್ಟೆ: ಬಳ್ಳಾರಿ ಸೀಮೆಯಿಂದ ಒಂದು ಪಾಠ



ಕಾಫಿ ಕುಯ್ಲಿನ ಕಾಲಕ್ಕೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಗಳಿಂದ ನಮ್ಮ ತೋಟಗಳಿಗೆ ಆಳುಗಳು ಬರುವುದು ನಿಮಗೆಲ್ಲ ತಿಳಿದದ್ದೇ. ಬಟ್ಟೆಯ ಗಂಟಿನ ಜೊತೆಗೆ ಅವರು ಜೋಳದ ಹಿಟ್ಟಿನ ಚೀಲವನ್ನೂ ಹೊತ್ತು ತರುತ್ತಾರೆ. ಅದೇ ಸೀಮೆಯ ಸಿರುಗುಪ್ಪದ ಸೋನಾ ಮಸೂರಿ ಅಕ್ಕಿಯೂ ಲಾರಿಗಳಲ್ಲಿ ಪೇಟೆ ಪೇಟೆಗೆ ಬರುತ್ತದೆ. ಒಂದೇ ಸೀಮೆಯಿಂದ ಬರುವ ಈ ಎರಡು ಧಾನ್ಯಗಳಲ್ಲಿ ಮನೆಯ ಹಿರಿಯರ ತಟ್ಟೆಗೆ ಯಾವುದು ಎಷ್ಟು ಬೇಕು ಎಂಬುದೇ ಈ ಲೇಖನದ ವಿಷಯ.

ವಯಸ್ಸಾದವರಿಗೆ ಅನ್ನ ಮತ್ತು ತಿಳಿಸಾರು ಹಗುರ, ಅದೇ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪ್ರೀತಿಯಿಂದಲೇ ಹಾಗೆ ಬಡಿಸುತ್ತೇವೆ. ಆದರೆ ದಿನವೂ ಅಷ್ಟನ್ನೇ ಬಡಿಸಿದರೆ ಹೊಟ್ಟೆ ತುಂಬಿದ ಹಿರಿಯರು ಶಕ್ತಿಗುಂದುತ್ತಾರೆ. ಅದು ಹೇಗೆಂದು ನೋಡೋಣ.

ನೀರು ಬಂದ ಮೇಲೆ ಬದಲಾದ ಊಟ

ಬಳ್ಳಾರಿ ಸೀಮೆ ಮೂಲತಃ ಬೆದ್ದಲು ಭೂಮಿ. ಕರಿ ಎರೆಯಲ್ಲಿ ಜೋಳ, ಮಸಾರಿಯಲ್ಲಿ ನವಣೆ, ಸಜ್ಜೆ, ಶೇಂಗಾ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಈ ಜಿಲ್ಲೆ ಘೋರ ಸಂಕಟಕ್ಕೆ ಗುರಿಯಾಯಿತು. ಸಿರುಗುಪ್ಪದಂತಹ ಕಡೆ ವಿಜಯನಗರದ ಅರಸರ ಕಾಲದ ಕಾಲುವೆಯಡಿ ಭತ್ತ ಬೆಳೆಯುತ್ತಿತ್ತಾದರೂ ಬಹುಪಾಲು ಮನೆಗಳಲ್ಲಿ ಅನ್ನವೆಂದರೆ ಹಬ್ಬದ ಊಟ. 1953ರಲ್ಲಿ ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿಯಲಾರಂಭಿಸಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಸಿರುಗುಪ್ಪ ಭತ್ತದ ಕಣಜವಾಯಿತು. ಕುರುಗೋಡಿನ ಸುತ್ತ ಭತ್ತದ ಜೊತೆಗೆ ಹತ್ತಿ, ಮೆಣಸಿನಕಾಯಿ ಬಂದವು. ಹಬ್ಬದ ಅನ್ನ ದಿನದ ಅನ್ನವಾಯಿತು.

ಇದು ದೊಡ್ಡ ಭಾಗ್ಯವೆಂಬುದರಲ್ಲಿ ಸಂಶಯವಿಲ್ಲ. ಹಸಿವು ಕಂಡ ನಾಡಿಗೆ ಅನ್ನ ಬಂದುದನ್ನು ಯಾರೂ ಹಳಿಯಬಾರದು. ಆದರೆ ಅನ್ನ ತಟ್ಟೆಗೆ ಬಂದಾಗ ರೊಟ್ಟಿಯೊಂದೇ ಹಿಂದೆ ಸರಿಯಲಿಲ್ಲ. ರೊಟ್ಟಿಯ ಜೊತೆಗಿದ್ದ ಕಾಳುಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳೂ ಕಡಿಮೆಯಾದವು. ಅನ್ನಕ್ಕೆ ತಿಳಿಸಾರು ಸಾಕು. ರೊಟ್ಟಿಗೆ ಕಾಳು, ಪಲ್ಯ ಬೇಕೇ ಬೇಕು. ವ್ಯತ್ಯಾಸದ ಮೂಲ ಇಲ್ಲಿದೆ.

ಪಾಲಿಶ್ ಅಕ್ಕಿಯ ಹಳೆಯ ಪಾಠ

ನೀಲಗಿರಿಯ ಕೂನೂರು ಕಾಫಿ ಬೆಳೆಗಾರರಿಗೆ ಪರಿಚಿತ ಊರು. ಅಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಸಂಶೋಧನೆಗಾಗಿ ಚಿಕ್ಕ ಘಟಕವೊಂದನ್ನು ಆರಂಭಿಸಿದರು. ಅಕ್ಕಿಯನ್ನು ಹೆಚ್ಚು ಪಾಲಿಶ್ ಮಾಡಿದಾಗ ತೌಡಿನೊಡನೆ ‘ಬಿ1’ ಜೀವಸತ್ವವೂ ಹೊರಟುಹೋಗುತ್ತದೆ. ಆ ಅಕ್ಕಿಯನ್ನೇ ನೆಚ್ಚಿದವರಿಗೆ ಬೆರಿಬೆರಿ ತಗಲುತ್ತದೆ. ಆ ಘಟಕವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಗಿದೆ. ಕುಚ್ಚಲಕ್ಕಿ ಮಾಡುವಾಗ ಭತ್ತವನ್ನು ಬೇಯಿಸುವುದರಿಂದ ಈ ಸತ್ವ ಕಾಳಿನೊಳಕ್ಕೆ ಇಳಿದು ಬಹುಮಟ್ಟಿಗೆ ಉಳಿಯುತ್ತದೆ. ಕುಚ್ಚಲಕ್ಕಿಯ ಗಂಜಿ ಉಣ್ಣುವ ಮನೆಗಳು ಆ ರೂಢಿಯನ್ನು ಬಿಡಬಾರದು.

ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಸಸಾರಜನಕ, 3 ಗ್ರಾಂ ನಾರು ಇವೆ. 100 ಗ್ರಾಂ ಜೋಳದಲ್ಲಿ ಸಸಾರಜನಕ ಸುಮಾರು 10 ಗ್ರಾಂ, ನಾರು 10 ಗ್ರಾಂ. ಕಬ್ಬಿಣದ ಅಂಶವಂತೂ ಜೋಳದಲ್ಲಿ ಹಲವು ಪಟ್ಟು ಹೆಚ್ಚು.

ಹಸಿವು ಕಡಿಮೆ, ಅಗತ್ಯ ಕಡಿಮೆಯಲ್ಲ

ವಯಸ್ಸಾದಂತೆ ದುಡಿಮೆ ಇಳಿಯುತ್ತದೆ, ಹಸಿವೂ ಇಳಿಯುತ್ತದೆ. ಆದರೆ ಸಸಾರಜನಕದ ಅಗತ್ಯ ಇಳಿಯುವುದಿಲ್ಲ. ಮಾಂಸಖಂಡಗಳು ವರ್ಷವರ್ಷಕ್ಕೆ ಕರಗುತ್ತಾ ಬರುತ್ತವೆ. ಕುಳಿತಲ್ಲಿಂದ ಏಳಲು ಕೈಯೂರಬೇಕಾಗುವುದು, ಮೆಟ್ಟಿಲಲ್ಲಿ ಕಾಲು ತಡವರಿಸುವುದು, ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು, ಇವುಗಳ ಹಿಂದೆ ಅನೇಕ ವೇಳೆ ಇದೇ ಕಾರಣವಿರುತ್ತದೆ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಬೇಕೆಂದು 2020ರ ಭಾರತೀಯ ಶಿಫಾರಸು ಹೇಳುತ್ತದೆ. ವೃದ್ಧರಿಗೆ 1 ಗ್ರಾಂಗೂ ಮೇಲೆ ಬೇಕೆಂಬ ತಜ್ಞರೂ ಇದ್ದಾರೆ. 60 ಕಿಲೋ ತೂಗುವವರಿಗೆ ಕನಿಷ್ಠ 50 ಗ್ರಾಂ ಎಂದಾಯಿತು.

ಈಗ ಎರಡು ತಟ್ಟೆಗಳ ಲೆಕ್ಕ ಹಾಕೋಣ.

ಮೊದಲನೆಯದು, ಅನ್ನ-ಸಾರಿನ ತಟ್ಟೆ. ದಿನಕ್ಕೆ 300 ಗ್ರಾಂ ಅಕ್ಕಿಯಿಂದ 24 ಗ್ರಾಂ, ತಿಳಿಸಾರಿನ 20 ಗ್ರಾಂ ಬೇಳೆಯಿಂದ 4 ಗ್ರಾಂ, ನೀರುಮಜ್ಜಿಗೆಯಿಂದ 2 ಗ್ರಾಂ. ಒಟ್ಟು 30 ಗ್ರಾಂ.

ಎರಡನೆಯದು, ಕೂಡಿಸಿದ ತಟ್ಟೆ. ಮೂರು ಜೋಳದ ರೊಟ್ಟಿಗೆ 150 ಗ್ರಾಂ ಹಿಟ್ಟೆಂದರೆ 15 ಗ್ರಾಂ, 100 ಗ್ರಾಂ ಅಕ್ಕಿಯಿಂದ 8, 50 ಗ್ರಾಂ ಬೇಳೆಕಾಳಿನಿಂದ 11, ಹಾಲು ಮೊಸರು ಸೇರಿ 300 ಮಿಲಿಯಿಂದ 10, ಒಂದು ಹಿಡಿ ಶೇಂಗಾದಿಂದ 6. ಒಟ್ಟು 50 ಗ್ರಾಂ.

ಎರಡನೆಯ ತಟ್ಟೆಯಲ್ಲಿ ಧಾನ್ಯ 50 ಗ್ರಾಂ ಕಡಿಮೆಯೇ ಇದೆ. ಆದರೂ ಬೇಕಾದಷ್ಟು ಸಸಾರಜನಕ ಸಿಕ್ಕಿತು, ಧಾನ್ಯದ ನಾರೂ ಎರಡರಷ್ಟಾಯಿತು. ಮಲಬದ್ಧತೆಯಿಂದ ಬಳಲುವ ಹಿರಿಯರಿಗೆ ನಾರು ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಾಗಿಲ್ಲ. ಅನ್ನ ಬಿಡಬೇಕೆಂಬುದು ಈ ಲೆಕ್ಕದ ತಾತ್ಪರ್ಯವಲ್ಲ; ಅನ್ನ ಒಂಟಿಯಾಗಬಾರದು ಎಂಬುದೇ ತಾತ್ಪರ್ಯ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಬೇಳೆಕಾಳು ಹೆಚ್ಚಿಸತಕ್ಕದ್ದು. ಸಕ್ಕರೆ ಕಾಯಿಲೆಯವರೂ ಜೋಳವನ್ನು ಔಷಧಿಯೆಂದು ತಿಳಿಯಬಾರದು. ಮಿತಿಮೀರಿ ತಿಂದರೆ ರೊಟ್ಟಿಯಿಂದಲೂ ಸಕ್ಕರೆ ಏರುತ್ತದೆ.

ಹಲ್ಲಿಲ್ಲದವರಿಗೆ ರೊಟ್ಟಿ ಹೇಗೆ?

ಇದು ನ್ಯಾಯವಾದ ಪ್ರಶ್ನೆ. ಹಿರಿಯರು ರೊಟ್ಟಿ ಬಿಡುವುದು ರುಚಿ ಕೆಟ್ಟು ಅಲ್ಲ, ಹಲ್ಲು ಬಿದ್ದು. ಇದಕ್ಕೆ ಆ ಸೀಮೆಯ ತಾಯಂದಿರೇ ಉತ್ತರ ಕಂಡುಕೊಂಡಿದ್ದಾರೆ. ಬಿಸಿರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ತುಸು ಎಣ್ಣೆಯೊಡನೆ ಕುಟ್ಟಿ ಉಂಡೆ ಮಾಡಿದರೆ ಮುಟಗಿ. ಜೋಳ ಒಡೆದು ಬೇಯಿಸಿದರೆ ನುಚ್ಚು. ಮಜ್ಜಿಗೆಯೊಡನೆಯೋ ಪುಂಡಿಪಲ್ಯದೊಡನೆಯೋ ಅದು ಸಲೀಸಾಗಿ ಇಳಿಯುತ್ತದೆ. ಮುದ್ದೆಯಂತೆ ಕಟ್ಟಿದರೆ ಸಂಗಟಿ, ತೆಳ್ಳಗೆ ಕಾಯಿಸಿದರೆ ಅಂಬಲಿ. ಶೇಂಗಾ ಅಗಿಯಲಾಗದವರಿಗೆ ಹಿಂಡಿಯಿದೆ. ಹೆಸರುಕಾಳು, ಅಲಸಂದೆಗಳನ್ನು ನೆನೆಸಿ ಮೆತ್ತಗೆ ಬೇಯಿಸಿ ಕಡೆದರಾಯಿತು. ತಿನ್ನುವವರಿಗೆ ಮೊಟ್ಟೆ, ಮೀನು ಮೆತ್ತನೆಯ ಆಹಾರವೇ.

ಉಪ್ಪು, ನೀರು, ಬಿಸಿಲು

ದಿನಕ್ಕೆ 5 ಗ್ರಾಂ ಮೀರಿ ಉಪ್ಪು ಬೇಡ, ಅಂದರೆ ಅಡುಗೆಯದೆಲ್ಲ ಸೇರಿ ಒಂದು ಟೀ ಚಮಚ. ಬಳ್ಳಾರಿ ಕಡೆಯ ರಂಜಕವಾಗಲಿ, ನಮ್ಮ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಾಗಲಿ ಉಪ್ಪಿನ ಗಣಿಗಳೇ. ರಕ್ತದೊತ್ತಡ ಇರುವವರ ಗಂಜಿಯ ಬದಿಯಲ್ಲಿ ಉಪ್ಪಿನಕಾಯಿ ಜಾಡಿಯ ಬದಲು ಹುರುಳಿಯ ಕಟ್ಟು ಅಥವಾ ಸೊಪ್ಪಿನ ತಂಬುಳಿ ಇರಲಿ. ಬಳ್ಳಾರಿ ನಗರದ ಒಗ್ಗರಣೆ-ಮಿರ್ಚಿ ರುಚಿಯಾದ ತಿಂಡಿಯೇ ಸರಿ. ಆದರೆ ಎಣ್ಣೆಯಲ್ಲಿ ಕರಿದ ಮಿರ್ಚಿ ವಯಸ್ಸಾದವರಿಗೆ ಅಪರೂಪದ್ದಾಗಿರಬೇಕು, ದಿನದ ರೂಢಿಯಾಗಬಾರದು.

ಬೇಸಗೆಯಲ್ಲಿ ಅಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ವೃದ್ಧರಿಗೆ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ. ಆದ್ದರಿಂದ ಕೇಳಲಿ ಎಂದು ಕಾಯದೆ ಹೊತ್ತು ಹೊತ್ತಿಗೆ ನೀರು, ಮಜ್ಜಿಗೆ ಕೊಡಬೇಕು. ಈ ಮಾತು ಮಲೆನಾಡಿಗೂ ಅನ್ವಯಿಸುತ್ತದೆ. ಮಳೆಗಾಲದ ಚಳಿಯಲ್ಲಿ ನಮ್ಮ ಹಿರಿಯರು ನೀರನ್ನೇ ಮರೆಯುತ್ತಾರೆ. ಬಿಸಿಲು ಬಿದ್ದ ದಿನ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತು, ತೋಟದ ದಾರಿಯಲ್ಲಿ ಅಡ್ಡಾಡಿ ಬಂದರೆ ಮೂಳೆಗೂ ಮಾಂಸಖಂಡಕ್ಕೂ ಒಳ್ಳೆಯದು.

ನಮ್ಮ ಎರಡು ಬೆಳೆಗಳು

ಕಾಫಿಯನ್ನು ಹಿರಿಯರು ಬಿಡಬೇಕಾಗಿಲ್ಲ. ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮಿತಿಯೆಂದು 2024ರ ಆಹಾರ ಮಾರ್ಗದರ್ಶಿ ಹೇಳಿದೆ. ಎರಡು ಲೋಟ ಸಾಕು. ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಒಂದು ಗಂಟೆ ಅನಂತರ ಕಾಫಿ, ಚಹಾ ಬೇಡ. ಕುಡಿದರೆ ಊಟದ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ.

ಅಡಿಕೆಯ ಮಾತು ಕಷ್ಟದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆ ಜಗಿಯುವುದನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬೆಲೆಯ ದೃಷ್ಟಿಯಿಂದ ನಾವು ಏನೇ ವಾದ ಹೂಡಿದರೂ, ಮನೆಯ ಹಿರಿಯರ ಬಾಯಿಯ ವಿಷಯದಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ದಿನಕ್ಕೆ ಹತ್ತು ಸಲ ಜಗಿಯುವ ಬಾಯಿಗೆ ಹಸಿವು ಕಡಿಮೆ, ಹಲ್ಲೂ ಸವೆದಿರುತ್ತದೆ. ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಬಿಳಿಯ ಮಚ್ಚೆಯೋ ಮಾಯದ ಹುಣ್ಣೋ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಕೊನೆಯದಾಗಿ, ಮನೆಯಲ್ಲಿ ಇಂದೇ ಮಾಡಬಹುದಾದ ಕೆಲಸ ಒಂದಿದೆ. ಹಿರಿಯರ ಒಂದು ದಿನದ ಊಟವನ್ನು ಚೀಟಿಯಲ್ಲಿ ಬರೆದು ಮೇಲಿನ ಲೆಕ್ಕಕ್ಕೆ ಹೋಲಿಸಿ ನೋಡಿರಿ. ಗೊಬ್ಬರದ ಲೆಕ್ಕವನ್ನು ಗಿಡಗಿಡಕ್ಕೂ ಇಡುವ ನಮಗೆ ಇದು ಕಷ್ಟವಲ್ಲ. ಕಾಳು, ಹಾಲು, ಸೊಪ್ಪು ಕಡಿಮೆ ಕಂಡರೆ ಅಷ್ಟನ್ನು ಸೇರಿಸಿರಿ. ಅನ್ನದ ಒಂದು ಹೊತ್ತನ್ನು ಜೋಳಕ್ಕೋ ರಾಗಿಗೋ ಬಿಟ್ಟುಕೊಡಿರಿ. ಮುಂದಿನ ಕುಯ್ಲಿಗೆ ಆಳುಗಳು ಬಂದಾಗ ಅವರ ಹೆಣ್ಣುಮಕ್ಕಳಿಂದ ನುಚ್ಚು, ಮುಟಗಿ ಮಾಡುವ ಕ್ರಮವನ್ನು ಕೇಳಿ ಕಲಿಯಬಹುದು.