ಹಿರೀಸಾವೆಯಲ್ಲಿ ಕೇಳಿಸದ ಸೀಟಿ

ಪುಟ್ಟಿ,

ಲೈಸೆನ್ಸ್ ಬಂತೆಂದು ನೀನು ಫೋಟೋ ಕಳಿಸಿದ ದಿನ ಹಿಗ್ಗಿಹೋದೆ. ರಾತ್ರಿ ಮಾತ್ರ ನಿದ್ದೆ ಹತ್ತಲಿಲ್ಲ. ಮೂವತ್ತೆರಡು ವರ್ಷ ಬಸ್ಸು ಓಡಿಸಿದವನು ನಿನ್ನ ಈ ತಾತ. ಮನೆಯಲ್ಲಿ ಯಾರಿಗೂ ಹೇಳದೆ ಉಳಿಸಿಕೊಂಡ ಸಂಗತಿಯೊಂದಿದೆ. ಅದನ್ನು ನಿನಗೆ ಹೇಳಲೇಬೇಕು.

2006, ನೀನು ಹುಟ್ಟಿದ ದಿನ. ಹಾಸನದಿಂದ ಬೆಂಗಳೂರಿಗೆ ಮಧ್ಯಾಹ್ನದ ಗಾಡಿ. ನಿನ್ನ ಅಮ್ಮನಿಗೆ ನೋವು ಶುರುವಾಗಿ ಬೆಳಗ್ಗೆಯೇ ಆಸ್ಪತ್ರೆಗೆ ಸೇರಿಸಿದ್ದರು. ರಜೆ ಕೇಳದೆ ಡ್ಯೂಟಿಗೆ ಹೋದದ್ದು ನನ್ನದೇ ತಪ್ಪು. ಚನ್ನರಾಯಪಟ್ಟಣ ಬಿಟ್ಟ ಮೇಲೆ ಫೋನ್ ಬಂತು. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದೆ. ಎರಡೂ ಕೈ ಸ್ಟೇರಿಂಗ್ ಮೇಲಿದ್ದವು, ಕಣ್ಣು ರಸ್ತೆಯ ಮೇಲಿತ್ತು. ಆಪರೇಷನ್ ಮಾಡಬೇಕಾಗಬಹುದಂತೆ ಎಂದಳು ನಿನ್ನ ಅಜ್ಜಿ. ಒಂದೆರಡು ನಿಮಿಷದ ಮಾತು, ಅಷ್ಟೆ. ಆಮೇಲೆ ನನಗೆ ಎಚ್ಚರವಾದದ್ದು ಕಂಡಕ್ಟರು ಬಂದು ಭುಜ ಅಲುಗಿಸಿದಾಗ. ಹಿರೀಸಾವೆ ದಾಟಿ ಬಹಳ ದೂರ ಬಂದುಬಿಟ್ಟಿದ್ದೆ. ಅಲ್ಲಿ ಇಳಿಯಬೇಕಿದ್ದ ಮುದುಕಿ ಗಂಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಕಂಡಕ್ಟರು ಮೂರು ಸಲ ಸೀಟಿ ಊದಿದ್ದನಂತೆ. ನನಗೆ ಒಂದೂ ಕೇಳಿಸಿರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಆದರೆ ಆಗ ಈಗಿನ ಹಾಗೆ ನಾಲ್ಕು ಪಥದ ರಸ್ತೆಯಲ್ಲ. ಎದುರಿಗೆ ಯಾವ ಲಾರಿ ಬಂತು, ಯಾರು ಅಡ್ಡ ದಾಟಿದರು, ಇವತ್ತು ಎಷ್ಟು ತಡಕಾಡಿದರೂ ನೆನಪಿಗೆ ಬರುವುದಿಲ್ಲ. ಐವತ್ತು ಜನರನ್ನು ಕೂರಿಸಿಕೊಂಡು ಒಂದು ಊರನ್ನು ಕಾಣದೆಯೇ ದಾಟಿದ್ದೆ.

ನಮ್ಮ ಬಸ್ಸುಗಳಲ್ಲಿ ಡ್ರೈವರ್ ಸೀಟಿನ ಹತ್ತಿರ ಬರೆದಿರುತ್ತಿತ್ತು, ಚಾಲಕರೊಡನೆ ಮಾತನಾಡಬಾರದು ಎಂದು. ಮೊಬೈಲು ಹುಟ್ಟುವುದಕ್ಕೂ ಮುಂಚಿನ ಬರಹ ಅದು. ಕಂಡಕ್ಟರು ಸಹ ಡ್ರೈವರಿಗೆ ಕೂಗಿ ಹೇಳುತ್ತಿರಲಿಲ್ಲ. ಒಂದು ಸೀಟಿಗೆ ನಿಲ್ಲಿಸು, ಎರಡಕ್ಕೆ ಹೊರಡು. ಓಡಿಸುವವನ ತಲೆಗೆ ಅದಕ್ಕಿಂತ ಹೆಚ್ಚು ಮಾತು ಹಾಕಬಾರದೆಂದು ಆ ಏರ್ಪಾಡು ಮಾಡಿದವರಿಗೆ ಗೊತ್ತಿತ್ತು. ಮೊಬೈಲ್ ಬಂದ ಮೇಲೆ ಆ ತಿಳಿವಳಿಕೆಯನ್ನು ನಾವೇ ಕೈಬಿಟ್ಟೆವು.

ನಿವೃತ್ತಿಯಾದ ಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಫೋನಿನಲ್ಲಿ ಮಾತನಾಡುವವರ ಕಣ್ಣು ರಸ್ತೆಯ ಮೇಲಿದ್ದರೂ ಎದುರಿಗಿರುವುದು ಮನಸ್ಸಿಗೆ ಇಳಿಯುವುದಿಲ್ಲ. ಫೋನು ಕೈಯಲ್ಲಿದ್ದರೂ ಕಿವಿಯಲ್ಲಿದ್ದರೂ ಫಲ ಒಂದೇ. ಪಕ್ಕದಲ್ಲಿ ಕೂತವರ ಮಾತು ಅಷ್ಟು ಅಪಾಯವಲ್ಲ, ಏಕೆಂದರೆ ಅವರಿಗೂ ರಸ್ತೆ ಕಾಣುತ್ತದೆ, ಇಕ್ಕಟ್ಟು ಬಂದಾಗ ತಾವೇ ಸುಮ್ಮನಾಗುತ್ತಾರೆ. ಆಸ್ಪತ್ರೆಯಲ್ಲಿದ್ದ ನಿನ್ನ ಅಜ್ಜಿಗೆ ಹಿರೀಸಾವೆ ಕಾಣುತ್ತಿತ್ತೇ? ಫೋನ್ ಬಳಸುತ್ತಾ ಓಡಿಸುವವರಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಾನೂನು ಇದೆಯಲ್ಲ ತಾತ, ಅನ್ನುತ್ತೀಯ. ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು, ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು 184ನೇ ಕಲಮಿನ ಅಪಾಯಕಾರಿ ಚಾಲನೆಗೆ ಸೇರಿಸಿದರು. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರಿನಿಂದ ಕ್ಯಾಮೆರಾಗಳೇ ತಪ್ಪು ಹಿಡಿಯುತ್ತವೆ. ಇದೆಲ್ಲ ಬೇಕೇ ಬೇಕು. ದಂಡದ ಭಯಕ್ಕಾದರೂ ಫೋನು ಜೇಬಿಗೆ ಹೋದರೆ ಒಂದು ಜೀವ ಉಳಿದೀತು.

ಆದರೆ ಕಾನೂನಿಗೆ ಕಾಣುವುದು ಕೈ ಮಾತ್ರ. ಬ್ರಿಟನ್ನಿನಲ್ಲಿ ಕೈಯಲ್ಲಿ ಫೋನ್ ಹಿಡಿದು ಓಡಿಸುವುದಕ್ಕೆ 2003ರಲ್ಲೇ ನಿಷೇಧ ತಂದಿದ್ದರು. ಅದು ಕರೆ, ಸಂದೇಶಗಳನ್ನಷ್ಟೇ ಹೇಳುತ್ತಿತ್ತು. ಓಡಿಸುತ್ತಲೇ ಫೋನಿನಲ್ಲಿ ವಿಡಿಯೋ ತೆಗೆದವನೊಬ್ಬ ಅದೇ ಸಂದಿಯಲ್ಲಿ 2019ರಲ್ಲಿ ನ್ಯಾಯಾಲಯದಿಂದ ಪಾರಾದ. ಸಂದಿ ಮುಚ್ಚಲು 2022ರ ಮಾರ್ಚ್ ಬರಬೇಕಾಯಿತು. ನಮ್ಮ 184ನೇ ಕಲಮೂ ಕೈಯಲ್ಲಿ ಹಿಡಿದದ್ದನ್ನೇ ಹೇಳುತ್ತದೆ. ಅದರ ಮುಂದೆ 2006ರ ನಾನು ನಿರಪರಾಧಿ. ಇದು ಸರಿಯಲ್ಲ. ಕನಿಷ್ಠ ಬಸ್ಸು, ಲಾರಿ, ಶಾಲಾ ವಾಹನ ಓಡಿಸುವವರಿಗಾದರೂ ಕಿವಿಯ ಫೋನೂ ಕೂಡದು ಎಂಬ ನಿಯಮ ಬೇಕು. ಊಟ ತಲುಪಿಸುವ ಹುಡುಗರಿಗೆ ಗಾಡಿ ಓಡುತ್ತಿರುವಾಗಲೇ ಮುಂದಿನ ಆರ್ಡರ್ ಬಂದು ಫೋನು ಬಡಿದುಕೊಳ್ಳುತ್ತದೆ. ತೆಗೆಯದಿದ್ದರೆ ಅವರ ಸಂಪಾದನೆಗೇ ಪೆಟ್ಟು. ದಂಡ ಆ ಹುಡುಗನಿಗಷ್ಟೇ ಬೀಳಬೇಕೇ? ಗಾಡಿ ನಿಂತ ಮೇಲೆಯೇ ಆರ್ಡರ್ ಕಳಿಸುವಂತೆ ಕಂಪನಿಗಳನ್ನೂ ಕಾನೂನು ಕಟ್ಟಿಹಾಕಬೇಕು.

ಅಂಥ ಕಾನೂನು ಬರುವ ತನಕ ನೀನು ಕಾಯಬೇಡ. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಐದು ಸೆಕೆಂಡು ಪರದೆ ನೋಡಿದರೆ 110 ಮೀಟರ್ ರಸ್ತೆಯನ್ನು ಕಣ್ಣು ಕಟ್ಟಿಕೊಂಡು ದಾಟಿದಂತೆ. ದಾರಿಯನ್ನು ಹೊರಡುವ ಮೊದಲೇ ಮ್ಯಾಪಿನಲ್ಲಿ ನೋಡಿಕೋ. ಫೋನನ್ನು ಸದ್ದಡಗಿಸಿ ಹಿಂದಿನ ಸೀಟಿನ ಬ್ಯಾಗಿಗೆ ಹಾಕು, ಪಕ್ಕದ ಸೀಟಿಗಲ್ಲ. ತೀರಾ ಮಾತನಾಡಲೇಬೇಕೆಂದರೆ ರಸ್ತೆ ಬಿಟ್ಟು ಬಂಕಿನಲ್ಲೋ ಹೋಟೆಲಿನ ಮುಂದೋ ನಿಲ್ಲಿಸು. ಕೆಟ್ಟ ಸುದ್ದಿ ಕೇಳಿದ್ದರೆ ಫೋನ್ ಇಟ್ಟ ತಕ್ಷಣ ಹೊರಡಬೇಡ. ನೀರು ಕುಡಿ, ನಾಲ್ಕು ಹೆಜ್ಜೆ ನಡೆ. ಮಾತು ಮುಗಿದರೂ ಮನಸ್ಸು ಅಲ್ಲೇ ನಿಂತಿರುತ್ತದೆ. ನಾನು ಸೀಟಿ ಕೇಳದೆ ಹೋದದ್ದು ಫೋನ್ ಇಟ್ಟ ಮೇಲೆಯೇ.

ಇನ್ನು ನಮ್ಮ ಕಡೆಯ ಮಾತು. ನೀನು ಹೊರಟೆ ಎಂದ ಮೇಲೆ ಎಲ್ಲಿದ್ದೀಯ, ಎಷ್ಟೊತ್ತಿಗೆ ಬರುತ್ತೀಯ ಎಂದು ನಾನಾಗಲಿ ನಿನ್ನ ಅಜ್ಜಿಯಾಗಲಿ ಕೇಳುವುದಿಲ್ಲ. ಮರೆತು ನಾನೇ ಫೋನ್ ಮಾಡಿಬಿಟ್ಟರೂ ನೀನು ಎತ್ತಬೇಡ. ಮನೆ ಮುಂದೆ ಗಾಡಿ ನಿಲ್ಲಿಸಿ ಒಂದು ಸಲ ಹಾರನ್ ಮಾಡು, ಸಾಕು. ಜಗಲಿಯಲ್ಲೇ ಕೂತಿರುತ್ತೇನೆ.