ನಾಯಕಿ ಅಂದ್ರೆ ಯಾರು?

ಫುಟ್‌ಬಾಲ್ ಗಂಡಸರ ಆಟ ಅಂತ ನಾವು ಕೇಳ್ತಾ ಬಂದಿದ್ದೇವೆ. ಇದು ನಿಜವೇ? ನೋಡೋಣ ಬನ್ನಿ.

ಅಮೆರಿಕಾ ದೇಶದಲ್ಲಿ 1972ರಲ್ಲಿ ಒಂದು ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡು ಎಂದು ಭೇದ ಮಾಡಬಾರದು. ಆಟದಲ್ಲೂ ಮಾಡಬಾರದು. ಆಮೇಲೆ ಊರೂರಲ್ಲಿ ಕಾಲೇಜು ಹುಡುಗಿಯರ ತಂಡ ಬೆಳೆದವು.

ಅಲ್ಲಿನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡ ಬಹಳ ಹೆಸರುವಾಸಿ. 1982ರಿಂದ 2024ರವರೆಗೆ ಅದು 22 ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

ಗೆಲುವಿನ ಗುಟ್ಟೇನು? ಅಭ್ಯಾಸದ ಆಟಕ್ಕೂ ಅಂಕ ಹಾಕುತ್ತಿದ್ದರು. ಅಂಕದ ಪಟ್ಟಿ ಎಲ್ಲರಿಗೂ ಕಾಣುತ್ತಿತ್ತು. ತಂಡಕ್ಕೆ ನಿಯಮಗಳಿದ್ದವು. ಹುಡುಗಿಯರು ಅವನ್ನು ಬಾಯಿಪಾಠ ಮಾಡುತ್ತಿದ್ದರು. ಗೊಣಗಬಾರದು ಎಂಬುದು ಒಂದು ನಿಯಮ.

ಗೊಣಗಬಾರದು ಅಂದ್ರೆ ಎಲ್ಲವನ್ನೂ ಸಹಿಸಬೇಕು ಅಂತಲೇ? ಅಲ್ಲ. 1998ರಲ್ಲಿ ಆ ತಂಡದಲ್ಲಿ ಆಡಿದ್ದ ಇಬ್ಬರು ಕೋರ್ಟಿಗೆ ಹೋದರು. ತರಬೇತುದಾರರು ನಮ್ಮ ಖಾಸಗಿ ಬದುಕಿನ ಬಗ್ಗೆ ಆಡಬಾರದ ಮಾತು ಆಡಿದರು ಎಂದು ದೂರಿದರು. ಕಿರುಕುಳ ಕೊಟ್ಟಿಲ್ಲ ಎಂದರು ತರಬೇತುದಾರರು.

ಗೆಲ್ಲಿಸುವ ಗುರುವಿನ ಎದುರು ನಿಲ್ಲುವುದು ಸುಲಭವೇ? ಒಬ್ಬಾಕೆ ಹತ್ತು ವರ್ಷ ಪಟ್ಟು ಬಿಡಲಿಲ್ಲ. 2008ರಲ್ಲಿ ರಾಜಿಯಾಯಿತು. ಅಂಥ ಮಾತಿನಲ್ಲಿ ಸೇರಿದ್ದಕ್ಕೆ ತರಬೇತುದಾರರು ಪತ್ರ ಬರೆದು ಕ್ಷಮೆ ಕೇಳಿದರು.

ತಂಡಕ್ಕೆ ಶಿಸ್ತು ಬೇಕು. ಪ್ರಶ್ನೆ ಕೇಳುವ ಧೈರ್ಯವೂ ಬೇಕು. ಮುಂದೆ ನಿಂತು ನಡೆಸುವವಳು ನಾಯಕಿ. ತಪ್ಪನ್ನು ತಪ್ಪು ಎಂದವಳೂ ನಾಯಕಿಯೇ.

ಚರ್ಚಿಸೋಣ

1. ನಮ್ಮ ಸಂಘದ ನಿಯಮಗಳನ್ನು ಯಾರು ಮಾಡಿದರು?
2. ಗೊಣಗುವುದಕ್ಕೂ ದೂರು ಕೊಡುವುದಕ್ಕೂ ಏನು ವ್ಯತ್ಯಾಸ?
3. ಮುಂದಾಳು ತಪ್ಪಿದರೆ ನಾವು ಹೇಳ್ತೇವೆಯೇ?