ರೀಲು ಹಾಕುವ ಮೊದಲು ಶಟರ್ ನೋಡಿ

ಅಟ್ಟದಿಂದ ಇಳಿಸಿದ ಹಳೆಯ ಕ್ಯಾಮೆರಾಕ್ಕೆ ರೀಲು ಹಾಕಲು ಅವಸರ ಬೇಡ. ಈಗ ರೀಲಿನ ಬೆಲೆಯೂ ಕಡಿಮೆಯೇನಿಲ್ಲ. ಪೆಂಟ್ಯಾಕ್ಸ್ ಕೆ-1000 ಸಿಕ್ಕಿದ್ದರೆ ಬ್ಯಾಟರಿಗೂ ಕಾಯಬೇಕಿಲ್ಲ. ಅದರಲ್ಲಿ ಬ್ಯಾಟರಿ ಬೇಕಿರುವುದು ಮೀಟರಿಗೆ ಮಾತ್ರ, ಶಟರ್ ಪೂರ್ತಿ ಯಾಂತ್ರಿಕ.

ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ವೇಗ 1/1000ಕ್ಕಿಟ್ಟು ಹಿಂದಿನಿಂದ ನೋಡುತ್ತ ಗುಂಡಿ ಒತ್ತಿ. ಚೌಕಟ್ಟಿನ ಈ ಅಂಚಿನಿಂದ ಆ ಅಂಚಿನವರೆಗೂ ಬೆಳಕು ಮಿಂಚಬೇಕು. ಒಂದು ಬದಿ ಕಪ್ಪಾಗಿಯೇ ಉಳಿದರೆ, ಎರಡನೇ ಪರದೆ ಮೊದಲನೆಯದನ್ನು ದಾರಿಯಲ್ಲೇ ಹಿಡಿದುಬಿಟ್ಟಿದೆ. ಈ ವೇಗದಲ್ಲಿ ಎರಡು ಬಟ್ಟೆ ಪರದೆಗಳ ನಡುವೆ ಇರುವುದೇ ಕಿರಿದಾದ ಸೀಳು. ಒಣಗಿ ಅಂಟಾದ ಎಣ್ಣೆ ಮೊದಲ ಪರದೆಯನ್ನು ತುಸು ತಡೆದರೂ ಸಾಕು, ಸೀಳು ಮುಚ್ಚಿಹೋಗುತ್ತದೆ. ಫೋಟೊದ ಅರ್ಧ ಭಾಗ ಕತ್ತಲಾಗುವುದು ಹೀಗೆಯೇ. 1/250ರಲ್ಲಿ ಪೂರ್ತಿ ಬೆಳಕು ಕಂಡರೆ ರಿಪೇರಿಯಾಗುವವರೆಗೆ ಅದಕ್ಕಿಂತ ಮೇಲೆ ಹೋಗಬೇಡಿ.

ನಿಧಾನದ ವೇಗಗಳನ್ನು ಫೋನಿನ ಸ್ಲೋ ಮೋಷನ್ ವಿಡಿಯೊದಲ್ಲಿ ಅಳೆಯಬಹುದು. ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಚಿತ್ರಿಸಿದರೆ, 1/30ಕ್ಕೆ ಸುಮಾರು 8 ಫ್ರೇಮ್‌ಗಳಲ್ಲಿ ಬೆಳಕು ಕಾಣಬೇಕು. 12 ಕಂಡರೆ ನಿಜವಾದ ವೇಗ 1/20. ಕಲರ್ ನೆಗೆಟಿವ್ ಅಷ್ಟನ್ನು ತಾಳಿಕೊಳ್ಳುತ್ತದೆ, ಸ್ಲೈಡ್ ಫಿಲ್ಮ್ ತಾಳದು. ಬಹಳ ದಿನ ಸುಮ್ಮನಿದ್ದ ಶಟರ್ ಕೆಲವೊಮ್ಮೆ ಹತ್ತಿಪ್ಪತ್ತು ಸಲ ಖಾಲಿ ಹೊಡೆದರೇ ಸಡಿಲಾಗುವುದುಂಟು.

ದಯವಿಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಬೇಡಿ, ಪರದೆಗೆ ಬೆರಳು ತಾಗಿಸಬೇಡಿ. ಯಾವ ವೇಗದಲ್ಲಿ ಏನು ಕಂಡಿತೆಂದು ಚೀಟಿಯಲ್ಲಿ ಬರೆದು, ಕ್ಯಾಮೆರಾದ ಜೊತೆಗೆ ಮೆಕ್ಯಾನಿಕ್‌ ಕೈಗೆ ಕೊಡಿ.